ಸಿಡಿಲು ಬಡಿದ ದರ್ಜಿ

ಮಿಂಚು, ಗುಡುಗು, ಸಿಡಿಲು ಎಂಬ ಮೂರು ಮಾತುಗಳನ್ನು ಕನ್ನಡಿಗರು ಬೇರೆಬೇರೆಯಾಗಿಯೇ ಉಳಿಸಿಕೊಂಡು ಬಂದಿದ್ದಾರೆ. ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಬಂದು ಬಡಿಯುವುದು ಸಿಡಿಲು. 2021ರ ಡಿಸೆಂಬರ್ 24ರಂದು ನೆಟ್‌ಫ್ಲಿಕ್ಸಿನಲ್ಲಿ ಬಿಡುಗಡೆಯಾದ ‘ಮಿನ್ನಲ್ ಮುರಳಿ’ ಎಂಬ ಮಲಯಾಳ ಚಲನಚಿತ್ರದ ಹೆಸರಿನಲ್ಲಿರುವ ‘ಮಿನ್ನಲ್’ ನಮ್ಮ ಮಿಂಚೇ. ಆದರೆ ಅದರ ನಾಯಕನಿಗೆ ಬಡಿದದ್ದು ಸಿಡಿಲು. ತಲಪಾಡಿಯನ್ನು ದಾಟಿದರೆ ಕೇರಳವೇ ಆಗಿರುವ ಮಂಗಳೂರಿನಲ್ಲಿ ಈ ಚಿತ್ರವನ್ನು ಮೂಲ ಭಾಷೆಯಲ್ಲಿಯೇ ಕಂಡು ಆನಂದಿಸಿದವರು ಅನೇಕರಿದ್ದಾರೆ. ಉಳಿದವರಿಗೆ ಕನ್ನಡದ ಧ್ವನಿ ಕೂಡಿಸಿದ ಪ್ರತಿಯೂ ದೊರೆಯಿತು.

ಬೇಸಿಲ್ ಜೋಸೆಫರು ನಿರ್ದೇಶಿಸಿದ ಈ ಚಿತ್ರದಲ್ಲಿ ಟೊವಿನೊ ಥಾಮಸರು ಜೈಸನ್ ಎಂಬ ದರ್ಜಿಯ ಪಾತ್ರವನ್ನು ವಹಿಸಿದ್ದಾರೆ. ಕುರುಕ್ಕನ್‌ಮೂಲವೆಂಬ ಕಲ್ಪಿತ ಹಳ್ಳಿಯಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತು ಅಮೆರಿಕಕ್ಕೆ ಹೋಗುವ ಕನಸು ಕಾಣುವ ಈ ಯುವಕನಿಗೆ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸಿಡಿಲು ಬಡಿಯುತ್ತದೆ. ಅಲ್ಲಿಂದ ಮುಂದೆ ಅವನಿಗೆ ಮನುಷ್ಯರಿಗಿಲ್ಲದ ವೇಗವೂ ಬಲವೂ ಬರುತ್ತವೆ. ಅದೇ ರಾತ್ರಿ ಚಹದಂಗಡಿಯಲ್ಲಿ ದುಡಿಯುವ, ಊರವರ ತಿರಸ್ಕಾರಕ್ಕೆ ಪಾತ್ರನಾದ ಶಿಬು ಎಂಬವನಿಗೂ ಸಿಡಿಲು ಬಡಿದು ಅವನಿಗೂ ಅಂತಹುದೇ ಶಕ್ತಿ ಲಭಿಸುತ್ತದೆ. ಅಮೆರಿಕದ ಚಿತ್ರಕಥೆಗಳಲ್ಲಿ ಈ ಉಪಾಯವು ಹಳೆಯದು. 1956ರಲ್ಲಿ ಕಾಣಿಸಿಕೊಂಡ ಬ್ಯಾರಿ ಆಲೆನ್ ಎಂಬ ‘ಫ್ಲಾಷ್’ ಕೂಡ ಸಿಡಿಲಿನಿಂದಲೇ ವೇಗವನ್ನು ಪಡೆದವನು. ಆದರೆ ಅವನು ಪ್ರಯೋಗಶಾಲೆಯ ವಿಜ್ಞಾನಿ. ಜೈಸನ್ ನಮ್ಮ ಬೀದಿಯ ತಿರುವಿನಲ್ಲಿರುವ ದರ್ಜಿ. ಚಿತ್ರವು ನಮಗೆ ಆಪ್ತವಾಗುವುದು ಇದರಿಂದಲೇ. ಸಿಡಿಲು ಯೋಗ್ಯತೆಯನ್ನು ನೋಡಿ ಬೀಳುವುದಿಲ್ಲ. ಯಾರ ಮೇಲಾದರೂ ಬೀಳಬಹುದು. ಇಷ್ಟರ ಮಟ್ಟಿಗೆ ಕಥೆಗಾರರು ಹೇಳಿದ್ದು ಸತ್ಯವೇ ಆಗಿದೆ.

ಕಥೆಗೆ ಒಂದು ಅಸಂಭವವನ್ನು ಬಿಟ್ಟುಕೊಡುವುದು ರಸಿಕರ ಧರ್ಮ. ಅದರ ಬಗೆಗೆ ನಮ್ಮ ತಕರಾರಿಲ್ಲ. ಆದರೆ ಆ ಅಸಂಭವದ ಹಿಂದಿರುವ ಒಂದು ಭಾವನೆಯನ್ನು ಮಾತ್ರ ಪರಿಶೀಲಿಸಬೇಕಾಗಿದೆ. ಸಿಡಿಲಿನದೇನೋ ಒಂದು ಅಂಶವು ಅದು ಬಡಿದವನ ಮೈಯಲ್ಲಿ ಉಳಿದುಕೊಳ್ಳುತ್ತದೆ ಎಂಬುದೇ ಆ ಭಾವನೆ. ಇದು ಚಿತ್ರಕ್ಕಿಂತ ಬಹಳ ಹಳೆಯದು. ಸಿಡಿಲು ಬಡಿದು ಬಿದ್ದವನನ್ನು ಮುಟ್ಟಿದರೆ ನಮಗೂ ಆಘಾತವಾದೀತೆಂದು ದೂರ ನಿಲ್ಲುವವರು ಇಂದಿಗೂ ಇದ್ದಾರೆ. ಈ ಭಯದಿಂದ ಹೋಗುವ ಪ್ರಾಣಗಳು ಕಲ್ಪಿತವಲ್ಲ.

ಮೊದಲು ಸಿಡಿಲಿನ ಬಂಡವಾಳವೆಷ್ಟೆಂದು ನೋಡೋಣ. ಗುಡುಗಿನ ಮೋಡದೊಳಗೆ, ನೀರು ಹೆಪ್ಪುಗಟ್ಟುವ ಎತ್ತರದಲ್ಲಿ, ಹಿಮದ ಸಣ್ಣ ಹರಳುಗಳೂ ಅವಕ್ಕಿಂತ ಭಾರವಾದ ಮೆತ್ತನೆಯ ಆಲಿಕಲ್ಲುಗಳೂ ಒಂದನ್ನೊಂದು ತಾಕುತ್ತಿರುತ್ತವೆ. ಹಗುರವಾದ ಹರಳುಗಳು ಧನವಿದ್ಯುತ್ತನ್ನು ಹೊತ್ತು ಗಾಳಿಯೊಡನೆ ಮೇಲೇರುತ್ತವೆ. ಭಾರವಾದವು ಋಣವಿದ್ಯುತ್ತಿನೊಡನೆ ಕೆಳಗೆ ಉಳಿಯುತ್ತವೆ. ಈ ಅಂತರವು ಹತ್ತಾರು ಕೋಟಿ ವೋಲ್ಟುಗಳಿಗೆ ಏರಿದಾಗ ಗಾಳಿಯು ತಡೆಯಲಾರದೆ ದಾರಿ ಬಿಡುತ್ತದೆ. ಆ ದಾರಿಯಲ್ಲಿ ಸುಮಾರು 30,000 ಆಂಪಿಯರ್ ಪ್ರವಾಹವು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಹರಿದುಹೋಗುತ್ತದೆ. ಗಾಳಿಯ ಉಷ್ಣಮಾನವು 30,000 ಡಿಗ್ರಿಗೆ, ಎಂದರೆ ಸೂರ್ಯನ ಮೇಲ್ಮೈಗಿಂತ ಐದು ಪಟ್ಟಿಗೆ, ಏರುತ್ತದೆ. ಹೀಗೆ ಕಾದ ಗಾಳಿಯು ಥಟ್ಟನೆ ಹಿಗ್ಗುವುದರ ಶಬ್ದವೇ ಗುಡುಗು. ಇಷ್ಟೆಲ್ಲ ಆರ್ಭಟದ ಒಟ್ಟು ಶಕ್ತಿಯನ್ನು 100 ಕೋಟಿ ಜೂಲ್ ಎಂದು ಹಿಡಿದರೆ ಅದು ನಮ್ಮ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 280 ಯೂನಿಟುಗಳಿಗೂ ಕಡಮೆ. ಅದರಲ್ಲಿಯೂ ಹೆಚ್ಚಿನ ಪಾಲು ಗಾಳಿಯನ್ನು ಕಾಯಿಸುವುದಕ್ಕೇ ವೆಚ್ಚವಾಗುತ್ತದೆ.

ಈಗ ಮನುಷ್ಯನ ದೇಹವು ಎಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲುದು? ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಬಹುದು. ದೇಹವನ್ನು ಅರ್ಧ ಮೀಟರ್ ತ್ರಿಜ್ಯದ ಗೋಲವೆಂದು ಭಾವಿಸಿರಿ. (ಜೈಸನ್‌ನಂತಹ ಸಪೂರ ಮೈಯವನಿಗೆ ಇದು ಒಪ್ಪಲಾರದು, ಲೆಕ್ಕಕ್ಕೆ ಒಪ್ಪುತ್ತದೆ.) ಗೋಲದ ಮೇಲ್ಮೈಯಲ್ಲಿ ವಿದ್ಯುತ್ ಕ್ಷೇತ್ರವು ಮೀಟರಿಗೆ 30 ಲಕ್ಷ ವೋಲ್ಟುಗಳನ್ನು ಮೀರಿದರೆ ಸುತ್ತಲಿನ ಗಾಳಿಯೇ ವಾಹಕವಾಗಿ ವಿದ್ಯುತ್ತು ಸೋರಿಹೋಗುತ್ತದೆ. ಈ 30 ಲಕ್ಷವನ್ನು ತ್ರಿಜ್ಯದ ವರ್ಗವಾದ 0.25ರಿಂದ ಗುಣಿಸಿ, ಕೂಲಂಬನ ನಿಯಮದಲ್ಲಿ ಬರುವ 900 ಕೋಟಿಯಿಂದ ಭಾಗಿಸಿದರೆ 0.00008 ಕೂಲಂಬ್ ದೊರೆಯುತ್ತದೆ. ಸಿಡಿಲು ತರುವುದು 20 ಕೂಲಂಬ್ ಎಂದಿಟ್ಟುಕೊಂಡರೆ, ದೇಹದಲ್ಲಿ ನಿಲ್ಲಬಹುದಾದುದು ಅದರ ಎರಡು ಲಕ್ಷದಲ್ಲಿ ಒಂದು ಪಾಲೂ ಅಲ್ಲ.

ಆ ಪಾಲಾದರೂ ನಿಲ್ಲುವುದೆಷ್ಟು ಹೊತ್ತು? ದೇಹದ ವಿದ್ಯುದ್ಧಾರಣ ಸಾಮರ್ಥ್ಯವು ಸುಮಾರು 100 ಪಿಕೋಫ್ಯಾರಡ್. ಒದ್ದೆ ನೆಲದ ಮೇಲಿರುವ ದೇಹದ ರೋಧವನ್ನು 1,000 ಓಮ್ ಎಂದು ಹಿಡಿಯೋಣ. ಇವೆರಡರ ಗುಣಲಬ್ಧವು ಸೆಕೆಂಡಿನ ಒಂದು ಕೋಟಿಯಲ್ಲೊಂದು ಭಾಗ. ರೋಧವು ಇದರ ಸಾವಿರ ಪಟ್ಟಿದ್ದರೂ ನಾವು ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ನೆಲಕ್ಕಿಳಿದಿರುತ್ತದೆ. ಸಿಡಿಲು ಬಡಿದವನು ವಿದ್ಯುತ್ತಿನ ಭಂಡಾರವಲ್ಲ. ವಿದ್ಯುತ್ತು ಹಾದುಹೋದ ದಾರಿ ಮಾತ್ರ. (ಹಾಗಲ್ಲದಿದ್ದರೆ ಸಿಡಿಲು ಬಡಿದ ತೆಂಗಿನ ಮರಗಳೇ ನಮ್ಮ ಜಿಲ್ಲೆಯನ್ನು ಆಳುತ್ತಿದ್ದವು!)

ಹಾಗಾದರೆ ಮುಟ್ಟಬಾರದೆಂಬ ಭಯವು ಎಲ್ಲಿಂದ ಬಂದಿತು? ತುಂಡಾದ ವಿದ್ಯುತ್ ತಂತಿಯನ್ನು ಹಿಡಿದು ಬಿದ್ದವನ ವಿಷಯದಲ್ಲಿ ಅದು ಅಕ್ಷರಶಃ ಸರಿ. ಆ ತಂತಿಯ ಇನ್ನೊಂದು ತುದಿಯು ವಿದ್ಯುದಾಗಾರದವರೆಗೆ ಹೋಗಿದೆ. ಪ್ರವಾಹವನ್ನು ನಿಲ್ಲಿಸುವವರೆಗೂ ಅದು ಹರಿಯುತ್ತಲೇ ಇರುತ್ತದೆ. ಅವನನ್ನು ಮುಟ್ಟಿದವನು ಅದೇ ಮಂಡಲದೊಳಗೆ ಸೇರುತ್ತಾನೆ. ಸಿಡಿಲಿಗೆ ಅಂತಹ ಇನ್ನೊಂದು ತುದಿ ಇಲ್ಲ. ಶಬ್ದ ಕೇಳುವುದರೊಳಗೆ ವ್ಯಾಪಾರ ಮುಗಿದಿರುತ್ತದೆ. ಒಂದರ ಎಚ್ಚರಿಕೆಯನ್ನು ಇನ್ನೊಂದಕ್ಕೆ ಅನ್ವಯಿಸಿದ್ದರಿಂದ ಅನರ್ಥವಾಗಿದೆ.

ಇದು ಏಕೆ ಮುಖ್ಯವೆಂದರೆ, ಸಿಡಿಲಿಗೆ ಸಿಕ್ಕಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕಿಕೊಳ್ಳುತ್ತಾರೆಂದು ಅಮೆರಿಕದ ಲೆಕ್ಕಗಳು ತಿಳಿಸುತ್ತವೆ. ಪ್ರವಾಹದ ಹೆಚ್ಚಿನ ಭಾಗವು ಒದ್ದೆ ಚರ್ಮದ ಹೊರಮೈಯಿಂದಲೇ ಜಾರಿ ಹೋಗುವುದು ಇದಕ್ಕೆ ಒಂದು ಕಾರಣ. ಒಳಹೊಕ್ಕ ಅಲ್ಪಭಾಗವು ಹೃದಯವನ್ನೂ ಉಸಿರಾಟವನ್ನೂ ಏಕಕಾಲದಲ್ಲಿ ನಿಲ್ಲಿಸಬಹುದು. ಹೃದಯಕ್ಕೆ ತನ್ನದೇ ಆದ ತಾಳವಿರುವುದರಿಂದ ಅದು ಅನೇಕ ಸಲ ತಾನಾಗಿಯೇ ಪುನಃ ಬಡಿಯತೊಡಗುತ್ತದೆ. ಆದರೆ ಉಸಿರನ್ನು ನಡೆಸುವ ಮಿದುಳಿನ ಕೇಂದ್ರವು ಅಷ್ಟು ಬೇಗ ಎಚ್ಚರಗೊಳ್ಳುವುದಿಲ್ಲ. ಆಮ್ಲಜನಕವಿಲ್ಲದೆ ಹೃದಯವು ಎರಡನೆಯ ಸಲ ನಿಲ್ಲುತ್ತದೆ. ಆಗ ಸುಧಾರಿಸಿಕೊಳ್ಳುವುದು ಕಠಿಣ. ಈ ನಡುವಿನ ಕೆಲವು ನಿಮಿಷಗಳಲ್ಲಿ ಪಕ್ಕದಲ್ಲಿರುವವನ ಕೈಯೇ ಔಷಧ. 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ತಗ್ಗುವಂತೆ ಒತ್ತಬೇಕು. ಕಲಿತವರು 30 ಒತ್ತುಗಳಿಗೊಮ್ಮೆ ಎರಡು ಸಲ ಬಾಯಿಯಿಂದ ಉಸಿರು ತುಂಬಬೇಕು. ಹಲವರಿಗೆ ಒಟ್ಟಿಗೆ ಸಿಡಿಲು ಬಡಿದಿದ್ದರೆ ನರಳುತ್ತಿರುವವರನ್ನು ಬಿಟ್ಟು, ಸತ್ತಂತೆ ಬಿದ್ದಿರುವವನ ಬಳಿಗೆ ಮೊದಲು ಹೋಗಬೇಕೆಂಬುದು ವೈದ್ಯರ ನಿಯಮ. ಬೇರೆ ಅಪಘಾತಗಳಲ್ಲಿ ಪಾಲಿಸುವ ಕ್ರಮಕ್ಕೆ ಇದು ತೀರ ವಿರುದ್ಧವಾದುದು.

ಬದುಕುಳಿದವರಿಗೆ ಸಿಡಿಲು ಏನನ್ನು ಕೊಡುತ್ತದೆ? ಕೆಲವರ ಚರ್ಮದ ಮೇಲೆ ಜರೀಗಿಡದ ಎಲೆಯಂತಹ ಕೆಂಪು ಚಿತ್ರವು ಮೂಡಿ, ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಮಾಯವಾಗುತ್ತದೆ. ಅನೇಕರಿಗೆ ಮರೆವು, ನಿದ್ರಾಹೀನತೆ, ನರಗಳ ನೋವು, ಕಿವಿಯ ತೊಂದರೆ ವರ್ಷಗಟ್ಟಲೆ ಉಳಿಯುತ್ತವೆ. ಅಮೆರಿಕದ ವರ್ಜೀನಿಯದಲ್ಲಿ ವನಪಾಲಕನಾಗಿದ್ದ ರಾಯ್ ಸಲಿವನ್ ಎಂಬಾತನಿಗೆ 1942ರಿಂದ 1977ರವರೆಗೆ ಏಳು ಸಲ ಸಿಡಿಲು ಬಡಿಯಿತು. ಮೊದಲನೆಯದು ಅವನ ಕಾಲಿನ ಹೆಬ್ಬೆರಳಿನ ಉಗುರನ್ನು ಕಿತ್ತಿತು. ಮುಂದಿನವುಗಳಲ್ಲಿ ಕೆಲವು ತಲೆಗೂದಲಿಗೆ ಬೆಂಕಿ ಹಚ್ಚಿದವು. ಒಂದೇ ಸಿಡಿಲಿಗೆ ಜೈಸನ್ ವೀರನಾಗುವುದಾದರೆ ಏಳು ಸಿಡಿಲುಗಳಿಗೆ ಸಲಿವನ್ ಏನಾಗಬೇಕಿತ್ತೆಂಬುದನ್ನು ಓದುಗರೇ ಊಹಿಸಲಿ.

ಕಥೆಯ ಸಿಡಿಲು ಕ್ರಿಸ್‌ಮಸ್ಸಿನ ಹೊತ್ತಿನದು. ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ಕೊನೆಗೆ ಗುಡುಗು ಅಪರೂಪ. ಏಪ್ರಿಲ್-ಮೇ ತಿಂಗಳ ಇಳಿಹೊತ್ತು, ಆಮೇಲೆ ಅಕ್ಟೋಬರಿನ ಆಸುಪಾಸು, ಇವೇ ಇಲ್ಲಿನ ಸಿಡಿಲಿನ ಕಾಲ. ಬಿಸಿಲಿಗೆ ಕಾದ ನೆಲದ ಮೇಲೆ ಕಡಲಿನ ತೇವದ ಗಾಳಿಯು ಬಂದು ಘಟ್ಟದ ಕಡೆಗೆ ಏರುವಾಗ ಮೋಡಗಳು ಗೋಪುರದಂತೆ ಬಹಳ ಎತ್ತರಕ್ಕೆ ಬೆಳೆಯುತ್ತವೆ. ಜೂನ್-ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಮಳೆ ಎಷ್ಟು ಸುರಿದರೂ ಸಿಡಿಲು ಕಡಮೆ. ಆಗಿನ ಮೋಡಗಳೊಳಗೆ ಮೇಲೇರುವ ಗಾಳಿಯ ರಭಸ ಅಷ್ಟಿರುವುದಿಲ್ಲ. ಭಾರತದಲ್ಲಿ 2022ರ ಒಂದೇ ವರ್ಷ ಸಿಡಿಲಿಗೆ ಬಲಿಯಾದವರು ಎರಡೂವರೆ ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಯಲಿನಲ್ಲಿ ದುಡಿಯುವವರೇ ಬಹಳ.

ಮಿಂಚು ಕಂಡ ಕ್ಷಣದಿಂದ ಎಣಿಸತೊಡಗಿ, ಗುಡುಗು ಕೇಳುವುದರೊಳಗೆ ಎಷ್ಟು ಸೆಕೆಂಡುಗಳಾದುವೋ ಅದನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಮೂವತ್ತರೊಳಗೆ ಕೇಳಿದರೆ ಅದು ಹತ್ತು ಕಿಲೋಮೀಟರಿನೊಳಗಿದೆ. ಸುಮಾರಾಗಿ ಪಣಂಬೂರಿಗೆ ಬಿದ್ದದ್ದು ಹಂಪನಕಟ್ಟೆಗೆ ಕೇಳಿದಂತೆ. ಮುಂದಿನದು ಹಂಪನಕಟ್ಟೆಗೇ ಬೀಳಬಹುದು. ಆಗ ನೆಹರೂ ಮೈದಾನದಲ್ಲಿ ಆಡುತ್ತಿರುವವರು ಮರದ ಬುಡಕ್ಕೂ ಹೋಗದೆ, ಶಾಮಿಯಾನದ ಕೆಳಗೂ ನಿಲ್ಲದೆ, ಪಕ್ಕಾ ಕಟ್ಟಡವೊಂದನ್ನು ಅಥವಾ ಗಾಜು ಮುಚ್ಚಿದ ಕಾರನ್ನು ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಬಯಲಿಗೆ ಇಳಿಯಬಾರದು.