ಗಾಜಿನ ಕಪಾಟಿನ ಪುಟ್ಟ ಕಾರು: ಅದರ ಗುಣವನ್ನು ಅರಿಯುವ ಬಗೆ

ಬೀದರ, ಭಾಲ್ಕಿ, ಔರಾದಗಳ ಅನೇಕ ಮನೆಗಳ ಪಡಸಾಲೆಯಲ್ಲಿ ಒಂದು ಗಾಜಿನ ಕಪಾಟು ಇರುತ್ತದೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಬಿದರಿಯ ಹೂದಾನಿ, ಹಿರಿಯರಿಗೆ ಸನ್ಮಾನದಲ್ಲಿ ದೊರೆತ ಬಿದರಿ ತಟ್ಟೆ ಅದರೊಳಗೆ ಗೌರವದಿಂದ ಕುಳಿತಿರುತ್ತವೆ. ಈಚಿನ ವರ್ಷಗಳಲ್ಲಿ ಅವುಗಳ ಪಕ್ಕಕ್ಕೆ ಹೊಸದೊಂದು ವಸ್ತು ಬಂದು ಸೇರುತ್ತಿದೆ. ಹೈದರಾಬಾದಿನಲ್ಲಿಯೋ ಪುಣೆಯಲ್ಲಿಯೋ ನೌಕರಿಯಲ್ಲಿರುವ ಮಗ ತಂದಿಟ್ಟ, ಅಂಗೈಯಗಲದ, ಕೆಂಪು ಬಣ್ಣದ ಮಾದರಿ ಕಾರು ಅದು. ಬೆಲೆ ಕೇಳಿದ ತಂದೆ ಬೆರಗಾಗುತ್ತಾರೆ. "ಇಷ್ಟು ಸಣ್ಣ ಗೊಂಬೀಗಿ ಅಷ್ಟು ರೊಕ್ಕ ಯಾಕೋ?" ಎನ್ನುತ್ತಾರೆ. "ಗೊಂಬಿ ಅಲ್ಲಪ್ಪಾ, ಅದು ಸಂಗ್ರಹದ ವಸ್ತು ಅದ" ಎಂದು ಮಗ ಉತ್ತರಿಸುತ್ತಾನೆ.

ಈ ಇಬ್ಬರಲ್ಲಿ ಯಾರ ಮಾತು ನಿಜ? ಇದಕ್ಕೆ ಒಂದೇ ಉತ್ತರವಿಲ್ಲ. ವಸ್ತು ಉತ್ತಮವಾಗಿದ್ದರೆ ಮಗನ ಮಾತು ನಿಜ, ಕಳಪೆಯಾಗಿದ್ದರೆ ತಂದೆಯ ಮಾತು ನಿಜ. ಆದ್ದರಿಂದ ಉತ್ತಮ ಯಾವುದು, ಕಳಪೆ ಯಾವುದು ಎಂಬುದನ್ನು ತಿಳಿಯುವುದೇ ಮೊದಲ ಕೆಲಸ. ಈ ಪರೀಕ್ಷೆಯನ್ನು ಕಲಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಕಪಾಟಿನಲ್ಲಿರುವ ಬಿದರಿಯ ಹೂದಾನಿಯೇ ಅದಕ್ಕೆ ಪಾಠ ಹೇಳಬಲ್ಲದು.

ಒಂದೇ ಲೋಹ, ಎರಡು ದಾರಿ

ಹೂದಾನಿ ಮತ್ತು ಕಾರು ಎರಡೂ ಸತುವಿನ ಸಂತಾನ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಬಿದರಿಯ ಮೈಯಲ್ಲಿ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರವಿರುತ್ತದೆ. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಅದನ್ನು ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಿತ್ರ ಗೀರುತ್ತಾರೆ. ಬಳಿಕ ಉಳಿಯಿಂದ ಗೆರೆಗಳನ್ನು ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತ ಉಳಿಯುತ್ತದೆ.

ಡೈಕಾಸ್ಟ್ ಎಂದು ಕರೆಯಲಾಗುವ ಮಾದರಿ ಕಾರಿನ ಲೋಹಕ್ಕೆ ಜಮಾಕ್ ಎಂದು ಹೆಸರು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿಯವರು ರೂಪಿಸಿದ ಈ ಮಿಶ್ರಲೋಹದಲ್ಲಿ ಸತುವಿನೊಡನೆ ನೂರಕ್ಕೆ ಸುಮಾರು 4ರಷ್ಟು ಅಲ್ಯೂಮಿನಿಯಂ ಹಾಗೂ ಅತ್ಯಲ್ಪ ಪ್ರಮಾಣದಲ್ಲಿ ಮೆಗ್ನೀಸಿಯಂ, ತಾಮ್ರಗಳಿರುತ್ತವೆ. ಇದು 400 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿಯೇ ಕರಗುತ್ತದೆ. ಕರಗಿದ ಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿದಾಗ ಕ್ಷಣಮಾತ್ರದಲ್ಲಿ ಕಾರಿನ ಮೈ ಸಿದ್ಧವಾಗುತ್ತದೆ. ಬಿದರಿಯ ಮಣ್ಣಿನ ಅಚ್ಚು ಒಂದು ಎರಕಕ್ಕೆ ಮುಗಿಯುತ್ತದೆ. ಉಕ್ಕಿನ ಅಚ್ಚಾದರೋ ಸಾವಿರ ಸಾವಿರ ಎರಕಗಳಿಗೆ ದುಡಿಯುತ್ತದೆ ಮತ್ತು ದುಡಿದಂತೆ ಸವೆಯುತ್ತದೆ.

ಈ ಸವೆತವೇ ಗುಣಪರೀಕ್ಷೆಯ ಮೊದಲ ಅಂಶ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ತಯಾರಾಗುತ್ತಿದ್ದ ಡಿಂಕಿ ಕಾರುಗಳ ಕೆಲವು ಹಳೆಯ ಅಚ್ಚುಗಳು ಹಿಂದೆ ಕಲ್ಕತ್ತೆಗೆ ಬಂದು, ಅಲ್ಲಿ ನಿಕಿ ಎಂಬ ಹೆಸರಿನಲ್ಲಿ ಕಾರುಗಳು ಹೊರಬಂದವು. ಸಾಕಷ್ಟು ದುಡಿದ ಅಚ್ಚಿನಿಂದ ಬಂದ ವಸ್ತುವಿನಲ್ಲಿ ಮೂಲದ ಹರಿತವನ್ನು ನಿರೀಕ್ಷಿಸಲಾಗದು. ಇಂದು ಕಾರು ಕೊಳ್ಳುವವರೂ ಬಾನೆಟ್ಟಿನ ಅಂಚು, ಗಾಳಿಯ ಕಿಂಡಿ, ಹಿಂಬದಿಯ ರೆಕ್ಕೆಯ ತುದಿ ಇವು ಹರಿತವಾಗಿವೆಯೋ, ಕರಗಿದ ಬೆಲ್ಲದಂತೆ ದುಂಡಗಾಗಿವೆಯೋ ಎಂದು ನೋಡಬೇಕು. ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆ ಬಣ್ಣದಡಿಯಲ್ಲಿ ಉಬ್ಬಿ ಕಂಡರೆ, ಅರದಿಂದ ಉಜ್ಜುವ ಶ್ರಮವನ್ನು ತಯಾರಕರು ಉಳಿಸಿದ್ದಾರೆಂದು ತಿಳಿಯಬೇಕು.

ಅಳತೆಪಟ್ಟಿ ಹೇಳುವ ಸತ್ಯ

ಮಾದರಿ ಕಾರಿನ ಪೆಟ್ಟಿಗೆಯ ಮೇಲೆ 1:18, 1:43, 1:64 ಎಂಬಂಥ ಅಂಕೆಗಳಿರುತ್ತವೆ. ನಿಜವಾದ ಕಾರಿನ 18 ಅಡಿ ಮಾದರಿಯಲ್ಲಿ 1 ಅಡಿಯಾಗಬೇಕೆಂಬುದು 1:18ರ ಅರ್ಥ. ಇದನ್ನು ಪರೀಕ್ಷಿಸಲು ಶಾಲೆಯ ಮಕ್ಕಳ ಅಳತೆಪಟ್ಟಿ ಸಾಕು.

ಇಟಲಿಯ ಫೆರಾರಿ ಕಂಪನಿ 1987ರಲ್ಲಿ ಹೊರತಂದ ಎಫ್40 ಎಂಬ ಹೆಸರಾಂತ ಸೂಪರ್‌ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಉದ್ದ 4,358 ಮಿಲಿಮೀಟರ್. 1:18ರ ಮಾದರಿಯಲ್ಲಿ ಇದು 242 ಮಿಲಿಮೀಟರ್ ಆಗಬೇಕು, 1:43ರಲ್ಲಿ 101 ಮತ್ತು 1:64ರಲ್ಲಿ 68. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ನಿಜವಾದ ಕಾರಿನಲ್ಲಿ 2,450 ಮಿಲಿಮೀಟರ್ ಅಂತರವಿದೆ. 1:18ರಲ್ಲಿ ಇದು 136 ಆಗಬೇಕು. ಉದ್ದ ಸರಿಯಿದ್ದು ಗಾಲಿಗಳ ಅಂತರ ತಪ್ಪಿದ್ದರೆ ಕಾರು ನೋಡುವವರ ಕಣ್ಣಿಗೆ ಏನೋ ವಕ್ರವಾಗಿ ಕಾಣುತ್ತದೆ, ಆದರೆ ಕಾರಣ ತಿಳಿಯುವುದಿಲ್ಲ. ಕಾರಣ ಹೇಳುವುದು ಅಳತೆಪಟ್ಟಿ.

ಅಂಗಡಿಯ ಗೋಡೆಗೆ ತೂಗುಹಾಕಿರುವ ಅಗ್ಗದ ಪುಟ್ಟ ಕಾರುಗಳಿಗೆ ಮಾತ್ರ ಈ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ಅನ್ವಯಿಸಬಾರದು. ಲಾರಿಯಾಗಲಿ ಕಾರಾಗಲಿ ಒಂದೇ ಅಳತೆಯ ಪೊಟ್ಟಣದಲ್ಲಿ ಹಿಡಿಸಬೇಕಾದ್ದರಿಂದ ಅವುಗಳ ಅನುಪಾತವನ್ನು ಹಿಗ್ಗಿಸಿ ಕುಗ್ಗಿಸುವುದು ಮೊದಲಿನಿಂದ ಬಂದ ರೂಢಿ.

ಸಂದು ಮತ್ತು ಬಣ್ಣ

ಬಿದರಿ ಕೆಲಸದ ಜೀವವಿರುವುದು ಸಂದಿನಲ್ಲಿ. ಕೊರೆದ ಗೆರೆಗೂ ಬೆಳ್ಳಿಯ ತಂತಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಉಳಿದರೂ ಕೆಲಸ ಕೆಟ್ಟಿತು. ಉತ್ತಮವಾಗಿ ಕೂರಿಸಿ ಉಜ್ಜಿದ ವಸ್ತುವಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಬೆಳ್ಳಿಯ ಕರಡಿಗೆಯನ್ನು ಕೊಳ್ಳುವಾಗ ನಮ್ಮ ಅಜ್ಜಿಯರು ಮುಚ್ಚಳವನ್ನು ತೆರೆದು ಮುಚ್ಚಿ, ಅಂಚಿಗೆ ಉಗುರು ಹಾಯಿಸಿ ನೋಡುತ್ತಿದ್ದುದೂ ಇದೇ ಕಾರಣಕ್ಕೆ.

ಮಾದರಿ ಕಾರಿನಲ್ಲಿ ಬಾಗಿಲು, ಬಾನೆಟ್ಟುಗಳ ಸಂದನ್ನು ಹೀಗೆಯೇ ನೋಡಬೇಕು. 1:18ರ ಕಾರಿನಲ್ಲಿ ಬಾಗಿಲ ಸಂದು 1 ಮಿಲಿಮೀಟರ್ ಇದ್ದರೆ, ಅದೇ ಲೆಕ್ಕದಲ್ಲಿ ನಿಜವಾದ ಕಾರಿನ ಬಾಗಿಲಿಗೆ 18 ಮಿಲಿಮೀಟರ್ ಸಂದು ಇದ್ದಂತಾಯಿತು. ಕಿರುಬೆರಳು ತೂರುವಂಥ ಸಂದಿರುವ ಕಾರನ್ನು ಯಾರಾದರೂ ಕೊಂಡಾರೆಯೆ? ಸಂದು ಕಿರಿದಾಗಿದ್ದರಷ್ಟೇ ಸಾಲದು, ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿದ ಮೇಲೂ ಅದು ತನ್ನ ಸ್ಥಾನಕ್ಕೆ ಮರಳಬೇಕು.

ಬಣ್ಣಕ್ಕೂ ಇದೇ ಲೆಕ್ಕ. ಮಾದರಿಯ ಮೇಲೆ ಬಣ್ಣದ ಪದರ 0.1 ಮಿಲಿಮೀಟರ್ ದಪ್ಪವಿದ್ದರೆ, ಅದು ನಿಜವಾದ ಕಾರಿಗೆ ಸುಮಾರು 2 ಮಿಲಿಮೀಟರ್ ದಪ್ಪ ಬಣ್ಣ ಬಳಿದಂತೆ. ದಪ್ಪ ಬಣ್ಣದಲ್ಲಿ ಗೆರೆಗಳು ಮುಳುಗಿಹೋಗುತ್ತವೆ. ಹೊಳಪಿನ ಬಣ್ಣವಾದರೆ ಅದರೊಳಗಿನ ಮಿನುಗುಕಣಗಳು ಸಣ್ಣವಾಗಿರಬೇಕು, ದೊಡ್ಡ ಕಣಗಳು ಕಾರನ್ನು ಆಟಿಕೆಯನ್ನಾಗಿ ಮಾಡುತ್ತವೆ. ಕಾರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬಣ್ಣದ ಅಲೆ, ಧೂಳಿನ ಕಣ, ಕಿತ್ತಳೆಯ ಸಿಪ್ಪೆಯಂಥ ಒರಟುತನ ಎಲ್ಲವೂ ತೋರುತ್ತವೆ.

ಗಾಲಿ, ದೀಪ, ಜಾಲರಿ

ಗಾಲಿಯನ್ನು ಮೆಲ್ಲನೆ ತಿರುಗಿಸಬೇಕು. ನಿಜವಾದ ಕಾರಿನಲ್ಲಿ ಬ್ರೇಕಿನ ತಟ್ಟೆ ಗಾಲಿಯೊಡನೆ ತಿರುಗುತ್ತದೆ, ಅದನ್ನು ಹಿಡಿಯುವ ಇಕ್ಕಳ ಕದಲದೆ ನಿಲ್ಲುತ್ತದೆ. ಉತ್ತಮ ಮಾದರಿಯಲ್ಲಿಯೂ ಹೀಗೆಯೇ ಆಗುತ್ತದೆ. ಕಳಪೆ ಮಾದರಿಯಲ್ಲಿ ಇಕ್ಕಳವೂ ಗಾಲಿಯೊಡನೆ ಸುತ್ತುತ್ತದೆ. ಸ್ಟೇರಿಂಗನ್ನು ತಿರುಗಿಸಿದಾಗ ಮುಂದಿನ ಎರಡು ಗಾಲಿಗಳೂ ಒಟ್ಟಿಗೆ ಹೊರಳಬೇಕು. ಸಮತಟ್ಟಾದ ಗಾಜಿನ ಮೇಲಿಟ್ಟಾಗ ನಾಲ್ಕೂ ಗಾಲಿಗಳು ನೆಲ ಮುಟ್ಟಬೇಕು.

ದೀಪದ ಗಾಜಿನ ನಟ್ಟನಡುವೆ ಕಪ್ಪು ಚುಕ್ಕೆ ಕಂಡರೆ ಅದು ದೀಪವನ್ನು ಸಿಕ್ಕಿಸಿರುವ ಪ್ಲಾಸ್ಟಿಕ್ ಮೊಳೆ, ಅಗ್ಗದ ಕೆಲಸದ ಗುರುತು. ಗಾಳಿಯ ಜಾಲರಿಗಳಲ್ಲಿ ತೂತುಗಳು ನಿಜವಾಗಿಯೂ ಇವೆಯೋ, ಕಪ್ಪು ಪ್ಲಾಸ್ಟಿಕಿನ ಮೇಲೆ ಗೆರೆ ಮಾತ್ರ ಇದೆಯೋ ಎಂಬುದನ್ನೂ ನೋಡಬೇಕು. ಕಂಪನಿಯ ಲಾಂಛನದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಲು ಸಾಧ್ಯವಾಗಬೇಕು.

ತೂಕವನ್ನು ನಂಬುವುದೆಂತು?

ಕೈಗೆ ಭಾರವಾಗಿದ್ದರೆ ಉತ್ತಮ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಿದರಿಯ ವಿಷಯದಲ್ಲಿ ಇದು ಬಹುಮಟ್ಟಿಗೆ ಸರಿ. ಸತುವು ನೀರಿಗಿಂತ ಏಳು ಪಟ್ಟು ಭಾರ, ಅಲ್ಯೂಮಿನಿಯಂ ಮೂರು ಪಟ್ಟು ಸಹ ಇಲ್ಲ. ಅಲ್ಯೂಮಿನಿಯಮ್ಮಿಗೆ ಕಪ್ಪು ಬಣ್ಣ ಬಳಿದು ಬಿದರಿಯೆಂದು ಮಾರಿದರೆ ಕೈಯೇ ಅದನ್ನು ಗುರುತಿಸುತ್ತದೆ. ಆದರೆ ಮಾದರಿ ಕಾರುಗಳಲ್ಲಿ ತೂಕವೊಂದೇ ಪ್ರಮಾಣವಲ್ಲ. ಲೋಹವನ್ನು ತೀರ ತೆಳ್ಳಗೆ ಎರಕ ಹೊಯ್ಯುವುದು ಕಷ್ಟ. ಆದ್ದರಿಂದ ಹೆಸರಾಂತ ತಯಾರಕರಲ್ಲಿ ಕೆಲವರು ರಾಳ ಅಥವಾ ಮಿಶ್ರ ಪ್ಲಾಸ್ಟಿಕಿನಲ್ಲಿ ಮೈಯನ್ನು ಮಾಡುತ್ತಿದ್ದಾರೆ. ಅವು ಹಗುರ, ಆದರೆ ಅವುಗಳ ಅಂಚು ಹೆಚ್ಚು ಹರಿತ. ರಾಳದ ಕಾರುಗಳ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಕೊಳ್ಳುವವರು ತಮಗೆ ಬೇಕಾದದ್ದೇನೆಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ಹೊರಗಣ್ಣಿಗೆ ಕಾಣದ ದೋಷ

ಮೇಲೆ ಹೇಳಿದ್ದೆಲ್ಲವೂ ಕಣ್ಣಿಗೆ ಕಾಣುವ ಗುಣಗಳು. ಕಣ್ಣಿಗೆ ಕಾಣದ ಒಂದು ದೋಷವಿದೆ, ಅದು ಲೋಹದ ಅಶುದ್ಧಿ. ಡೈಕಾಸ್ಟ್ ಲೋಹದಲ್ಲಿ ಅತ್ಯಲ್ಪ ಪ್ರಮಾಣದ ಸೀಸ ಬೆರೆತರೂ ತೇವದ ಹವೆಯಲ್ಲಿ ಲೋಹದ ಕಣಗಳ ನಡುವೆ ಕೊರೆತ ಪ್ರಾರಂಭವಾಗುತ್ತದೆ. ಹಲವು ವರ್ಷಗಳ ಬಳಿಕ ಕಾರಿನ ಮೈ ಉಬ್ಬುತ್ತದೆ, ಬಣ್ಣ ಗುಳ್ಳೆಯೇಳುತ್ತದೆ, ಜೇಡರ ಬಲೆಯಂಥ ಬಿರುಕು ಮೂಡುತ್ತದೆ, ಕಟ್ಟಕಡೆಗೆ ಅದು ಕೈಯಲ್ಲಿಯೇ ಪುಡಿಯಾಗುತ್ತದೆ. 1930ರ ದಶಕದ ಅನೇಕ ಡಿಂಕಿ ಕಾರುಗಳು ಹೀಗೆಯೇ ನಶಿಸಿದವು. ಇದಕ್ಕೆ ಮದ್ದಿಲ್ಲ. ಶುದ್ಧ ಸತುವನ್ನು ಬಳಸುವುದೊಂದೇ ತಡೆಗಟ್ಟುವ ದಾರಿ.

ಆದ್ದರಿಂದ ಹಳೆಯ ಕಾರನ್ನು ಕೊಳ್ಳುವವರು ಅದನ್ನು ತಿರುಗಿಸಿ ತಳವನ್ನು ಪರೀಕ್ಷಿಸಬೇಕು. ತಯಾರಕರ ಹೆಸರು ಮತ್ತು ಅನುಪಾತ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಉಬ್ಬು, ಗುಳ್ಳೆ, ಕೂದಲಿನಂಥ ಬಿರುಕುಗಳಲ್ಲಿ ಯಾವುದಾದರೂ ಕಂಡುಬಂದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡುವುದು ಜಾಣತನ. ಕೊಂಡದ್ದನ್ನು ಬಿಸಿಲು ತಾಗದ, ತೇವವಿಲ್ಲದ ಕಪಾಟಿನಲ್ಲಿಡಬೇಕು. ಬಿದರಿಗೆ ಆಗಾಗ ಎಣ್ಣೆಯ ಕೈ ಸವರುವುದು ಒಳ್ಳೆಯದು, ಕಾರಿಗೆ ಮೆತ್ತನೆಯ ಒಣ ಕುಂಚವೇ ಸಾಕು.

ಪೆಟ್ಟಿಗೆಯ ಮೇಲಿನ ಮಾತು

"ಸೀಮಿತ ಸಂಖ್ಯೆ" ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೆ, ಎಷ್ಟು ಎಂದು ಕೇಳಬೇಕು. ಹತ್ತು ಸಾವಿರವೂ ಒಂದು ಸೀಮೆಯೇ. ಮುಂದೆ ಬೆಲೆ ಏರುತ್ತದೆಂಬ ಆಸೆಯಿಂದ ಕೊಳ್ಳುವವರಿಗಿಂತ, ನೋಡಿ ಆನಂದಿಸಲೆಂದು ಕೊಳ್ಳುವವರಿಗೆ ನಷ್ಟ ಕಡಿಮೆ. ಮನೆಯ ಖರ್ಚಿಗೆ ಎತ್ತಿಟ್ಟ ಹಣಕ್ಕೆ ಕೈಹಾಕಿ ಕೊಂಡ ವಸ್ತು ಎಷ್ಟೇ ಉತ್ತಮವಾಗಿದ್ದರೂ ಮನಸ್ಸಿಗೆ ನೆಮ್ಮದಿ ಕೊಡಲಾರದು.

ತಾಯಂದಿರು ಇನ್ನೊಂದನ್ನು ಗಮನಿಸಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹಿರಿಯರ ಸಂಗ್ರಹಕ್ಕೆಂದು ಮಾಡಿದ ಕಾರಿನಲ್ಲಿ ಸುಲಭವಾಗಿ ಕಿತ್ತುಬರುವ ಕನ್ನಡಿ, ಚೂಪಾದ ತಗಡುಗಳಿರುತ್ತವೆ. ಅದು ಪುಟ್ಟ ಮಕ್ಕಳ ಕೈಗೆ ಕೊಡುವ ವಸ್ತುವಲ್ಲ.

ಕಣ್ಣು ಕಲಿತ ಮೇಲೆ

ಇಷ್ಟನ್ನು ಕಲಿತ ಮಗ ಒಂದು ದಿನ ಅದೇ ಕಪಾಟಿನ ಬಿದರಿಯ ಹೂದಾನಿಯನ್ನು ಕೈಗೆತ್ತಿಕೊಂಡು ನೋಡಲಿ. ಉಕ್ಕಿನ ಅಚ್ಚಿನಲ್ಲಿ ಯಂತ್ರ ಸಾಧಿಸುವ ಸಂದಿನ ನಯವನ್ನು ಇಲ್ಲಿ ಒಬ್ಬ ಮನುಷ್ಯ ನೆಲದ ಮೇಲೆ ಕುಳಿತು, ಉಳಿ ಮತ್ತು ಸುತ್ತಿಗೆಯಿಂದ, ಬರಿಗಣ್ಣಿನಲ್ಲಿ ಸಾಧಿಸಿದ್ದಾನೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಹಿರಿಯ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಆದರೂ ಬಿದರಿಯ ಅಂಗಡಿಯಲ್ಲಿ ನಿಂತಾಗ ನಮ್ಮ ಮೊದಲ ಮಾತು "ಎಷ್ಟಕ್ಕೆ ಬಿಡ್ತೀರಿ?" ಎಂಬುದೇ ಆಗಿರುತ್ತದೆ. ಹೊರದೇಶದ ಕಾರಿಗೆ ಮುದ್ರಿತ ಬೆಲೆಯನ್ನು ಚಕಾರವೆತ್ತದೆ ಕೊಡುವ ನಾವು, ನಮ್ಮ ಊರಿನ ಕಾಯಕಜೀವಿಯ ಕೂಲಿಯಲ್ಲಿ ಮಾತ್ರ ಚೌಕಾಶಿ ಮಾಡುತ್ತೇವೆ.

ಗುಣವನ್ನು ಅರಿಯುವುದೆಂದರೆ ಕಳಪೆಯನ್ನು ಕೊಳ್ಳದಿರುವುದು ಮಾತ್ರವಲ್ಲ, ಉತ್ತಮವಾದುದಕ್ಕೆ ತಕ್ಕ ಬೆಲೆಯನ್ನು ಮನಃಪೂರ್ವಕವಾಗಿ ಕೊಡುವುದೂ ಹೌದು. ಮಗ ಕಾರನ್ನು ಪರೀಕ್ಷಿಸಿಯೇ ಕೊಳ್ಳಲಿ, ತಂದೆ ಒಂದು ದಿನ ಆ ಕಾರಿನ ಬಾಗಿಲ ಸಂದಿಗೆ ತಮ್ಮ ಕನ್ನಡಕ ಹಿಡಿದು ನೋಡಲಿ. ಮುಂದಿನ ಸಲ ಇಬ್ಬರೂ ಕೂಡಿ ಬೀದರಕ್ಕೆ ಹೋದಾಗ ಬಿದರಿ ಕೆಲಸ ನಡೆಯುವಲ್ಲಿಗೂ ಹೋಗಿ, ಉಳಿಯ ಸದ್ದನ್ನು ಸ್ವಲ್ಪ ಹೊತ್ತು ಕೇಳಿ ಬರಲಿ.