ಬಿಸಿಲೂರಿಗೆ ದಪ್ಪ ಆಯಿಲ್ ಬೇಕೆ?

ಬೇಸಿಗೆ ಬಂತೆಂದರೆ ಗ್ಯಾರೇಜುಗಳಲ್ಲಿ ಒಂದು ಸಲಹೆ ಪುಕ್ಕಟೆ ಸಿಗುತ್ತದೆ: “ಬಿಸಿಲು ಜಾಸ್ತಿ ಸಾರ್, ಸ್ವಲ್ಪ ದಪ್ಪ ಆಯಿಲ್ ಹಾಕಿಬಿಡೋಣ.” ಆದರೆ ಓಡುವ ಕಾರಿನ ಎಂಜಿನ್ನಿಗೆ ಅದರದೇ ಹವಾಮಾನವಿದೆ. ಥರ್ಮೋಸ್ಟಾಟ್ ಅದರ ಕೂಲೆಂಟನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಹಾಗಾಗಿ ಕಲಬುರಗಿಯಾದರೇನು, ಮಡಿಕೇರಿಯಾದರೇನು, ಒಳಗಿನ ಆಯಿಲಿಗೆ ತಗಲುವ ಶಾಖದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಆಯಿಲ್ ಎಷ್ಟು ದಪ್ಪ ಎನ್ನುವುದೇ ಅದರ ಸ್ನಿಗ್ಧತೆ. ಜೋನಿಬೆಲ್ಲದಂತೆ ಅದೂ ತಣ್ಣಗಿದ್ದರೆ ಗಟ್ಟಿ, ಕಾದರೆ ನೀರು. ಡಬ್ಬಿಯ ಮೇಲೆ ‘5ಡಬ್ಲ್ಯು-30’ ಎಂದು ಎರಡು ಅಂಕಿ ಇರುವುದು ಇದಕ್ಕೇ. ಡಬ್ಲ್ಯು ಎಂದರೆ ವಿಂಟರ್. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ ಪರೀಕ್ಷಿಸುತ್ತಾರೆ. ಆ ಚಳಿಯಲ್ಲೂ ಎಂಜಿನ್ ತಿರುಗುವಷ್ಟು ಅದು ತೆಳುವಾಗಿರಬೇಕು. ಲಡಾಖಿನಲ್ಲಿ ಈ ಅಂಕಿಯೇ ನಿರ್ಣಾಯಕ, ನಮ್ಮಲ್ಲಿ ಅಷ್ಟಿಲ್ಲ. ಎರಡನೆಯ ಅಂಕಿ ಕಾದ ಎಂಜಿನ್ನಿನದು. 100 ಡಿಗ್ರಿಯಲ್ಲಿ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿದ್ದರೆ 30, ಅಲ್ಲಿಂದ 16.3ರವರೆಗೆ 40. ಒಂದೇ ಆಯಿಲ್ ಎರಡೂ ಪರೀಕ್ಷೆ ಗೆಲ್ಲಲು ಪಾಲಿಮರ್‌ಗಳು ನೆರವಾಗುತ್ತವೆ: ತಣ್ಣಗಿದ್ದಾಗ ಮುದುಡಿಕೊಂಡು, ಕಾದಾಗ ಬಿಚ್ಚಿಕೊಂಡು, ಆಯಿಲ್ ತೀರಾ ತೆಳುವಾಗದಂತೆ ತಡೆಯುತ್ತವೆ.

ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ತನ್ನಡಿಗೆ ಎಳೆದುಕೊಂಡು, ಆ ಪದರದ ಮೇಲೆ ತೇಲುತ್ತದೆ. ಪದರ ತೆಳುವಾದರೆ ಲೋಹಕ್ಕೆ ಲೋಹ ಉಜ್ಜಿ ಸವೆತ. ದಪ್ಪವಾದರೆ ಅದನ್ನು ಕಲಕುವುದಕ್ಕೇ ಇಂಧನ ಖರ್ಚು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಕವಾಟಗಳಿಗೆ ಆಯಿಲ್ ತಲುಪುವುದೂ ತಡ. ಬೇರಿಂಗಿನ ಸಂದು, ಪಂಪಿನ ಸಾಮರ್ಥ್ಯ ಎಲ್ಲವನ್ನೂ ಲೆಕ್ಕ ಹಾಕಿಯೇ ತಯಾರಕರು ದರ್ಜೆ ನಿಗದಿಪಡಿಸಿರುತ್ತಾರೆ. 0ಡಬ್ಲ್ಯು-20ಕ್ಕೆಂದೇ ರೂಪಿಸಿದ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಉಪಚಾರವಲ್ಲ, ಉಪದ್ರವ.

ಗಾಳಿಯಿಂದಲೇ ತಣಿಯುವ ಬೈಕಿನ ಮಾತು ಬೇರೆ. ಅಲ್ಲಿ ಕೂಲೆಂಟ್ ಇಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಬಿಸಿಲಿನ ಕಾವು ಆಯಿಲಿಗೂ ತಟ್ಟುತ್ತದೆ. ಜೊತೆಗೆ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚೂ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಘರ್ಷಣೆ ತಗ್ಗಿಸುವ ರಾಸಾಯನಿಕವುಳ್ಳ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಇಂಥ ಬೈಕಿಗೆ ಡಬ್ಬಿಯ ಮೇಲೆ ‘ಜಾಸೋ ಎಂಎ’ ಗುರುತಿರಬೇಕು.

ಕೈಪಿಡಿಯಲ್ಲಿ ಒಂದೇ ದರ್ಜೆ ಇದ್ದರೆ ಅದನ್ನೇ ಹಾಕಿಸಿ. ಎರಡು ಮೂರು ಕೊಟ್ಟಿದ್ದರೆ, ಭಾರ ಹೊತ್ತು ಘಾಟಿ ಹತ್ತುವ ಅಥವಾ ಆಯಿಲ್ ಸುಡುವ ಹಳೆಯ ಗಾಡಿಗೆ ಅವುಗಳಲ್ಲೇ ದಪ್ಪದ್ದನ್ನು ಆರಿಸಬಹುದು. ಪಟ್ಟಿಯಾಚೆಗೆ ಹೋಗುವ ಮುನ್ನ ಕಾರಣ ಕೇಳಿ; ‘ಬಿಸಿಲು ಜಾಸ್ತಿ’ ಎಂಬ ಉತ್ತರವಷ್ಟೇ ಸಾಲದು.