ಪಟ್ಟೆ ಬೆಳಕು, ಕಲಿತ ಯಂತ್ರ ಮತ್ತು ಸೂಕ್ಷ್ಮದರ್ಶಕದ ಗಡಿ

ಒಂದು ಬಣ್ಣದ ಬೆಳಕನ್ನು ಹೀರಿಕೊಂಡು, ಅದಕ್ಕಿಂತ ಉದ್ದದ ತರಂಗಾಂತರವುಳ್ಳ ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುವ ಗುಣ ಕೆಲವು ವಸ್ತುಗಳಿಗಿದ್ದು, ಅದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಕ್ವಿನೈನ್ ದ್ರಾವಣವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಗೆ ನೀಲಿಯಾಗಿ ಹೊಳೆಯುವುದನ್ನು ಪರಿಶೀಲಿಸಿದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಈ ವಿದ್ಯಮಾನವನ್ನು ವಿವರಿಸಿದರು. 2020ರ ಕೊನೆಯಲ್ಲಿ ಕರ್ನಾಟಕದ ಕರಾವಳಿಯ ಹಲವೆಡೆ ರಾತ್ರಿಯ ಅಲೆಗಳು ನೀಲಿಯಾಗಿ ಮಿನುಗಿದಾಗ ಜನ ನೋಡಿದ್ದು ಇದನ್ನಲ್ಲ. ಅದು ಕಡಲಿನ ಸೂಕ್ಷ್ಮಜೀವಿಗಳು ತಮ್ಮೊಳಗಿನ ರಾಸಾಯನಿಕ ಕ್ರಿಯೆಯಿಂದ ತಾವೇ ಉಂಟುಮಾಡುವ ಬೆಳಕು, ಅಂದರೆ ಜೈವಿಕ ದೀಪ್ತಿ. ಈ ಎರಡೂ ಒಂದೇ ಜೀವಿಯಲ್ಲಿ ಇರಬಲ್ಲವು: ಒಸಾಮು ಶಿಮೊಮುರ 1962ರಲ್ಲಿ ವರದಿ ಮಾಡಿದ ಹಸಿರು ಪ್ರೋಟೀನು ದೊರೆತದ್ದು ತಾನೇ ಮಿನುಗುವ ಒಂದು ಅಂಬಲಿ ಮೀನಿನಲ್ಲಿ, ಮತ್ತು ಜೀವಂತ ಕೋಶದ ಬೇಕಾದ ಭಾಗವನ್ನಷ್ಟೇ ಹೊಳೆಯುವಂತೆ ಮಾಡಲು ನೆರವಾದ ಆ ಪ್ರೋಟೀನಿನ ಕೆಲಸಕ್ಕೆ 2008ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಉಡುಪಿ ಜಿಲ್ಲೆಯಲ್ಲಿ ಪ್ರತಿದೀಪ್ತಿಯನ್ನು ಬಳಸುವ ವಿದ್ಯೆಯ ನೆಲೆ ಮಣಿಪಾಲ. ಅಲ್ಲಿನ ಮಾಹೆ ವಿಶ್ವವಿದ್ಯಾಲಯದ ಭೌತಶಾಸ್ತ್ರ ಸಂಶೋಧಕರು ಬಣ್ಣ ಹಾಕದ ಅಂಗಾಂಶವೇ ಲೇಸರ್ ಬೆಳಕಿಗೆ ಹೊಮ್ಮಿಸುವ ಸಹಜ ಹೊಳಪನ್ನು ಅಳೆದು ಬಾಯಿಯ ಕ್ಯಾನ್ಸರನ್ನು ಗುರುತಿಸುವ ದಾರಿಗಳನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದ್ದರೆ, ಅದೇ ಸಂಸ್ಥೆಯ ಸ್ಕೂಲ್ ಆಫ್ ಲೈಫ್ ಸೈನ್ಸಸ್‌ನಲ್ಲಿ ಕೋಶಗಳನ್ನೂ ಅಂಗಾಂಶಗಳನ್ನೂ ಬೆಳಕಿನಿಂದ ಚಿತ್ರಿಸುವ ವಿಧಾನಗಳು ಸಂಶೋಧನೆಯ ವಿಷಯವಾಗಿವೆ. ಆದರೆ ಮಣಿಪಾಲವಿರಲಿ, ಬರ್ಲಿನ್ ಇರಲಿ, ಸಾಮಾನ್ಯ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಎದುರಿಸುವ ಅಡ್ಡಿ ಒಂದೇ.

ಆ ಅಡ್ಡಿಯನ್ನು 1873ರಲ್ಲಿ ಜರ್ಮನಿಯ ಎರ್ನ್ಸ್ಟ್ ಆಬೆ ತೋರಿಸಿಕೊಟ್ಟರು. ಬೆಳಕು ಅಲೆಯಾಗಿರುವುದರಿಂದ ಮಸೂರದ ಮೂಲಕ ಹಾದ ಒಂದು ಬಿಂದು ಬಿಂದುವಾಗಿ ಉಳಿಯದೆ ಸಣ್ಣ ಮಸುಕು ತಟ್ಟೆಯಾಗಿ ಹರಡುತ್ತದೆ. ಹೀಗಾಗಿ ಬೆಳಕಿನ ತರಂಗಾಂತರವನ್ನು ಮಸೂರವು ಬೆಳಕನ್ನು ಸಂಗ್ರಹಿಸುವ ಸಾಮರ್ಥ್ಯದ ಎರಡರಷ್ಟರಿಂದ ಭಾಗಿಸಿದಾಗ ಬರುವ ದೂರಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಒಂದೇ ಆಗಿ ಕಾಣುತ್ತವೆ. ಹಸಿರು ಬೆಳಕಿನ ತರಂಗಾಂತರ 520 ನ್ಯಾನೋಮೀಟರ್ ಮತ್ತು ಉತ್ತಮ ಮಸೂರದ ಆ ಅಂಕ 1.4 ಎಂದಿಟ್ಟುಕೊಂಡರೆ ಈ ಗಡಿ ಸುಮಾರು 186 ನ್ಯಾನೋಮೀಟರ್ ಆಗುತ್ತದೆ, ಅಂದರೆ ಒಂದು ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗಕ್ಕೆ ಹತ್ತಿರ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಾಣು ಸುಮಾರು 50 ನ್ಯಾನೋಮೀಟರ್ ಗಾತ್ರದ್ದು. ಅದಕ್ಕೆ ಹೊಳೆಯುವ ಗುರುತು ಅಂಟಿಸಿದರೆ ಅದು ಇರುವ ಸ್ಥಳ ತಿಳಿಯಬಹುದೇ ಹೊರತು ಅದರ ಆಕಾರ ತಿಳಿಯುವುದಿಲ್ಲ.

ಗಡಿಯನ್ನು ದಾಟಲು ಮಸೂರವನ್ನು ತಿದ್ದುವ ಬದಲು ಬೆಳಕನ್ನು ತಿದ್ದಬಹುದೆಂಬ ಯೋಚನೆಯೇ ವಿನ್ಯಸ್ತ ಬೆಳಕಿನ ಸೂಕ್ಷ್ಮದರ್ಶನದ ಮೂಲ. ಇದರಲ್ಲಿ ಮಾದರಿಯ ಮೇಲೆ ಸಮನಾದ ಬೆಳಕನ್ನು ಚೆಲ್ಲದೆ, ಬೆಳಕು ಮತ್ತು ಕತ್ತಲೆ ಸರದಿಯಂತೆ ಬರುವ ನವಿರಾದ ಪಟ್ಟೆಗಳನ್ನು ಬೀಳಿಸಲಾಗುತ್ತದೆ. ಹೆಜಮಾಡಿ ಕೋಡಿಯಂತಹ ಕಡಲತೀರದಲ್ಲಿ ಸಣ್ಣ ಕಣ್ಣಿನ ಎರಡು ಬಲೆಗಳು ಒಂದರ ಮೇಲೊಂದು ಓರೆಯಾಗಿ ಬಿದ್ದಿರುವಾಗ ದೂರದಿಂದ ನೋಡಿದರೆ, ಬಲೆಯ ಕಣ್ಣುಗಳು ಕಾಣದಿದ್ದರೂ ಎರಡರಲ್ಲಿ ಯಾವುದರಲ್ಲೂ ಇಲ್ಲದ ಅಗಲವಾದ ಪಟ್ಟೆಗಳು ಮೂಡಿರುತ್ತವೆ; ಮೊಯರೆ ಎಂದು ಕರೆಯಲಾಗುವ ಈ ಪಟ್ಟೆಗಳ ಅಗಲ ಮತ್ತು ಓರೆಯನ್ನು ಅಳೆದು, ಒಂದು ಬಲೆಯ ಕಣ್ಣಿನ ಅಳತೆ ಮೊದಲೇ ತಿಳಿದಿದ್ದರೆ, ಇನ್ನೊಂದರ ಅಳತೆಯನ್ನು ಲೆಕ್ಕ ಹಾಕಿ ಹೇಳಬಹುದು. ಸೂಕ್ಷ್ಮದರ್ಶಕದಲ್ಲಿ ಗೊತ್ತಿರುವ ಬಲೆ ಎಂದರೆ ಬೆಳಕಿನ ಪಟ್ಟೆ, ಗೊತ್ತಿಲ್ಲದ ಬಲೆ ಎಂದರೆ ಕೋಶದ ಸೂಕ್ಷ್ಮ ರಚನೆ; ಎರಡೂ ಸೇರಿ ಮೂಡಿದ ಒರಟು ಪಟ್ಟೆ ಮಸೂರದ ಮೂಲಕ ಹಾದು ಬರುವಷ್ಟು ಅಗಲವಾಗಿರುತ್ತದೆ. ಪಟ್ಟೆಗಳನ್ನು ಮೂರು ದಿಕ್ಕುಗಳಿಗೆ ತಿರುಗಿಸಿ, ಪ್ರತಿ ದಿಕ್ಕಿನಲ್ಲೂ ಮೂರು ಬಾರಿ ಸ್ವಲ್ಪ ಸ್ವಲ್ಪ ಸರಿಸಿ, ಒಟ್ಟು ಒಂಬತ್ತು ಚಿತ್ರಗಳನ್ನು ತೆಗೆದರೆ, ಕಂಪ್ಯೂಟರ್ ಅವುಗಳಿಂದ ಗಡಿಯಾಚೆಯ ವಿವರವನ್ನು ಬಿಡಿಸಿ ಒಂದೇ ಚಿತ್ರವಾಗಿ ಜೋಡಿಸುತ್ತದೆ.

ರೈನರ್ ಹೈನ್ಟ್ಸ್‌ಮನ್ ಮತ್ತು ಕ್ರಿಸ್ಟೋಫ್ ಕ್ರೆಮರ್ 1999ರಲ್ಲಿ, ಮ್ಯಾಟ್ಸ್ ಗುಸ್ಟಾಫ್ಸನ್ 2000ದಲ್ಲಿ ಈ ದಾರಿಯನ್ನು ಪ್ರಕಟಿಸಿದರು. ಅದರಿಂದ ಗಡಿ ಸುಮಾರು 100 ನ್ಯಾನೋಮೀಟರಿಗೆ ಇಳಿಯಿತು. ಅರ್ಧಕ್ಕೇ ಏಕೆ ನಿಂತಿತು ಎಂಬುದಕ್ಕೆ ಉತ್ತರ ಸರಳವಾಗಿದೆ: ಪಟ್ಟೆಗಳನ್ನು ಬೀಳಿಸುವುದೂ ಅದೇ ಮಸೂರವಾದ್ದರಿಂದ ಪಟ್ಟೆಯೂ ಆಬೆಯ ಗಡಿಗಿಂತ ನವಿರಾಗಲಾರದು. 2014ರಲ್ಲಿ ನೊಬೆಲ್ ಪಡೆದ ಬೇರೆ ವಿಧಾನಗಳು ಇದಕ್ಕಿಂತ ಆಳಕ್ಕೆ ಇಳಿಯುತ್ತವೆ, ನಿಜ. ಆದರೆ ಅವುಗಳಲ್ಲಿ ಕೆಲವಕ್ಕೆ ಬಲವಾದ ಲೇಸರ್ ಬೇಕು, ಕೆಲವಕ್ಕೆ ಸಾವಿರಾರು ಚಿತ್ರಗಳು ಬೇಕು. ಜೀವಂತ ಕೋಶವನ್ನು ಸಾಯಿಸದೆ, ಸಾಮಾನ್ಯ ವರ್ಣಕಗಳನ್ನೇ ಬಳಸಿ, ಅದರ ಚಲನೆಯನ್ನು ಹಿಡಿಯಲು ಪಟ್ಟೆ ಬೆಳಕೇ ಹೆಚ್ಚು ಹೊಂದುತ್ತದೆ.

ಹಾಗೆಂದು ಒಂಬತ್ತು ಚಿತ್ರಗಳು ಪುಕ್ಕಟೆಯೇನಲ್ಲ, ಮೂರು ಆಯಾಮದ ಚಿತ್ರಕ್ಕಂತೂ ಪ್ರತಿ ಪದರಕ್ಕೆ ಹದಿನೈದು ಬೇಕಾಗುತ್ತವೆ. ಅಷ್ಟರಲ್ಲಿ ಕೋಶ ಕದಲಬಹುದು, ವರ್ಣಕ ಬಾಡಿ ಹೊಳಪು ಕಳೆದುಕೊಳ್ಳಬಹುದು, ಬೆಳಕಿನ ಹೊಡೆತಕ್ಕೆ ಕೋಶವೇ ನರಳಬಹುದು. ಬೆಳಕನ್ನು ಕಡಿಮೆ ಮಾಡಿದರೆ ಚಿತ್ರದಲ್ಲಿ ಕದಡು ಹೆಚ್ಚಿ, ಲೆಕ್ಕಾಚಾರದ ಕೊನೆಗೆ ಜೇನುಗೂಡಿನಂತಹ ಹುಸಿ ವಿನ್ಯಾಸ ತಲೆಯೆತ್ತುತ್ತದೆ.

ಯಂತ್ರ ಕಲಿಕೆ ಪ್ರವೇಶಿಸಿದ್ದು ಇಲ್ಲಿ. ಒಂದೇ ಮಾದರಿಯ ಮಂಕಾದ ಚಿತ್ರ ಮತ್ತು ಸ್ಪಷ್ಟ ಚಿತ್ರಗಳ ಸಾವಿರಾರು ಜೋಡಿಗಳನ್ನು ತೋರಿಸಿದರೆ, ನರಜಾಲ ಎಂಬ ಗಣಿತ ರಚನೆಯು ಮಂಕಿನಿಂದ ಸ್ಪಷ್ಟಕ್ಕೆ ಹೋಗುವ ನಿಯಮವನ್ನು ತಾನೇ ರೂಪಿಸಿಕೊಳ್ಳುತ್ತದೆ. ಈ ಬಗೆಯಲ್ಲಿ 2018ರಲ್ಲಿ ಡ್ರೆಸ್ಡನ್‌ನ ಸಂಶೋಧಕರು ಮತ್ತು ಅವರ ಸಹಯೋಗಿಗಳು ಪ್ರಕಟಿಸಿದ ಕೇರ್ ಎಂಬ ವಿಧಾನವು 60 ಪಟ್ಟು ಕಡಿಮೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನೂ ಬಳಕೆಗೆ ಯೋಗ್ಯವಾಗಿಸಬಹುದೆಂದು ತೋರಿಸಿತು. 2020ರಲ್ಲಿ ಮತ್ತೊಂದು ತಂಡ ಪಟ್ಟೆ ಬೆಳಕಿನ ಹದಿನೈದು ಚಿತ್ರಗಳ ಕೆಲಸವನ್ನು ಮೂರರಿಂದಲೇ ಮಾಡಿಸಿತು. ಕೇಂಬ್ರಿಜ್‌ನಲ್ಲಿ ರೂಪುಗೊಂಡ ಎಂಎಲ್-ಸಿಮ್ ಎಂಬ ತಂತ್ರಾಂಶವು ಕಂಪ್ಯೂಟರಿನಲ್ಲೇ ಸೃಷ್ಟಿಸಿದ ಕೃತಕ ಚಿತ್ರಗಳಿಂದ ತರಬೇತಿ ಪಡೆದದ್ದರಿಂದ, ಅದಕ್ಕೆ ಪ್ರಯೋಗಾಲಯದ ಜೋಡಿಗಳೇ ಬೇಕಾಗಲಿಲ್ಲ.

ಆದರೆ ಈ ಎರಡು ಲೆಕ್ಕಾಚಾರಗಳ ಸ್ವಭಾವ ಒಂದೇ ಅಲ್ಲ ಎಂಬುದನ್ನು ಉತ್ಸಾಹದ ಭರದಲ್ಲಿ ಮರೆಯಲಾಗುತ್ತಿದೆ. ಪಟ್ಟೆ ಬೆಳಕಿನ ಲೆಕ್ಕವು ಬೆಳಕಿನ ನಿಯಮವನ್ನು ಆಧರಿಸಿದ್ದು, ತಪ್ಪಿದಾಗ ಅದರ ತಪ್ಪು ಜೇನುಗೂಡಿನ ರೂಪದಲ್ಲಿ ಕಣ್ಣಿಗೆ ರಾಚುತ್ತದೆ. ನರಜಾಲದ ಉತ್ತರವು ಹಿಂದೆ ಕಂಡದ್ದನ್ನು ಆಧರಿಸಿದ್ದರಿಂದ, ಆರೋಗ್ಯವಂತ ಕೋಶಗಳನ್ನಷ್ಟೇ ನೋಡಿ ಕಲಿತ ಜಾಲದ ಮುಂದೆ ರೋಗಗ್ರಸ್ತ ಕೋಶವನ್ನಿಟ್ಟರೆ ಅದು ಆರೋಗ್ಯವಂತ ಕೋಶದ ಎಳೆಗಳನ್ನೇ ಅಚ್ಚುಕಟ್ಟಾಗಿ ಬರೆದುಕೊಡುವ ಸಾಧ್ಯತೆ ಇದೆ, ಮತ್ತು ಆ ತಪ್ಪು ನೋಡಲು ಬಹಳ ಚೆನ್ನಾಗಿರುತ್ತದೆ. ಹೊಸತನ್ನು ಹುಡುಕುವುದೇ ಉದ್ದೇಶವಾಗಿರುವ ಕಡೆ, ಹಳೆಯದನ್ನು ಬಲ್ಲ ಯಂತ್ರದ ಊಹೆಗೆ ಕಡಿವಾಣ ಬೇಕು. ಆದ್ದರಿಂದ ಯಂತ್ರವು ಕದಡನ್ನು ತೆಗೆಯಲಿ, ಚಿತ್ರಗಳ ಸಂಖ್ಯೆಯನ್ನು ತಗ್ಗಿಸಲಿ, ವಿವರವನ್ನು ಹೊತ್ತು ತರುವ ಕೆಲಸ ಮಾತ್ರ ಪಟ್ಟೆ ಬೆಳಕಿನದೇ ಆಗಿರಲಿ ಎಂಬ ಎಚ್ಚರದ ನಿಲುವೇ ಸರಿಯೆನಿಸುತ್ತದೆ. ಮೂಲ ಚಿತ್ರಗಳನ್ನು ಅಳಿಸದೆ ಇಟ್ಟುಕೊಳ್ಳುವುದು, ಅಳತೆ ಗೊತ್ತಿರುವ ಹೊಳೆಯುವ ಮಣಿಗಳ ಮೇಲೆ ವಿಧಾನವನ್ನು ಪರೀಕ್ಷಿಸುವುದು, ಕೆಲವು ಮಾದರಿಗಳನ್ನಾದರೂ ಪೂರ್ತಿ ಬೆಳಕಿನಲ್ಲಿ ಚಿತ್ರಿಸಿ ಹೋಲಿಸುವುದು ಇದರ ಕನಿಷ್ಠ ಶಿಸ್ತು.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಂತಹ ಕಡೆ ದುಬಾರಿ ಸೂಕ್ಷ್ಮದರ್ಶಕಗಳನ್ನು ಹಲವು ತಂಡಗಳು ಹಂಚಿಕೊಂಡು ಬಳಸುವ ವ್ಯವಸ್ಥೆ ಇದೆ. ಸಣ್ಣ ಊರಿನ ಪ್ರಯೋಗಾಲಯಕ್ಕೆ ಅಂತಹ ಉಪಕರಣ ಕೈಗೆಟುಕದಿದ್ದರೂ ಪಟ್ಟೆ ಬೆಳಕಿನ ಚಿತ್ರಗಳನ್ನು ಜೋಡಿಸುವ ಫೇರ್‌ಸಿಮ್‌ನಂತಹ ಮುಕ್ತ ತಂತ್ರಾಂಶ ಕೈಗೆಟುಕುತ್ತದೆ. ಎಲ್ಲದಕ್ಕೂ ಪಟ್ಟೆ ಬೆಳಕು ಬೇಕೆಂದೂ ಇಲ್ಲ. ಕಫದ ಮಾದರಿಗೆ ಆರಮಿನ್ ವರ್ಣಕ ಹಾಕಿ ಎಲ್‌ಇಡಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕೋಲಾಣುಗಳನ್ನು ಹುಡುಕುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಅನುಮೋದಿಸಿತು. ಒಂದರಿಂದ ನಾಲ್ಕು ಮೈಕ್ರೋಮೀಟರ್ ಉದ್ದದ ಆ ಕೋಲಾಣುವಿನ ಇರವನ್ನು ಗುರುತಿಸಲು ಆಬೆಯ ಗಡಿ ಅಡ್ಡಬರುವುದಿಲ್ಲ. ಅಡ್ಡಬರುವುದು ಒಂದರ ಹಿಂದೊಂದು ಸ್ಲೈಡ್ ನೋಡಿ ದಣಿಯುವ ತಂತ್ರಜ್ಞರ ಕಣ್ಣು, ಮತ್ತು ಕಾರ್ಕಳ, ಕಾಪುವಿನಂತಹ ತಾಲೂಕುಗಳ ಆಸ್ಪತ್ರೆಗಳಿಗೆ ಯಂತ್ರ ಕಲಿಕೆ ಮೊದಲು ಒದಗಬಹುದಾದದ್ದು ಆ ಎಣಿಕೆಯ ಕೆಲಸದಲ್ಲಿ.